ಪರಸಪ್ಪನವರ ಕಡಲೆಗೆ ಮರೆವ್ವನ ಹೆಪ್ಪು

ಬೆಳಕು ಹರಿಯುವ ಹೊತ್ತಿಗೇ ಮುರಗೋಡ ಸಮೀಪದ ಕಡಲೆ ಹೊಲದಲ್ಲಿ ಮರೆವ್ವ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಎಲೆಗಳ ಮೇಲಿನ ಹುಳಿ ಇಬ್ಬನಿ ತಾಗಿ ಸೀರೆಯ ಅಂಚು ಒದ್ದೆಯಾಗಿದೆ. ಮೊನ್ನೆ ಸಂಜೆ ತಾವೇ ತಯಾರಿಸಿದ ಔಷಧ ಹೊಡೆದಿದ್ದಾರೆ. ಕಾಯಿಕೊರಕ ಹುಳು ಇನ್ನೂ ಗಿಡದ ಮೇಲೇ ಇದೆ. ಬದುವಿನ ಮೇಲೆ ವಿಷದ ಡಬ್ಬಿ, ಪಂಪು, ಪಕ್ಕದಲ್ಲಿ ಅವರ ತಮ್ಮ ಯಮನಪ್ಪ.

ಹೊಲದ ಯಜಮಾನ ಪರಸಪ್ಪನವರ ನಿನ್ನೆಯ ಮಾತು ಖಡಕ್ಕು: "ನಾಳಿಗೆ ಹುಳಾ ಸಾಯಲಿಲ್ಲಂದ್ರ ಎಣ್ಣಿ ಹೊಡಸಾಂವನ ನಾ. ನಿನ್ನ ನೀರಿನ ಆಟ ಸಾಕ ಮಾಡ ಬೇ."

ಈ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಹೊಡೆಯಬೇಕಾದ ಆಳು ಯಮನಪ್ಪ. ಹೋದ ಹಂಗಾಮಿನಲ್ಲಿ ಇದೇ ಕೆಲಸ ಮಾಡುತ್ತ ಬಾಯಲ್ಲಿ ನೊರೆ ಬಂದು ಸಾಲಿನಲ್ಲೇ ಬಿದ್ದಿದ್ದ. ಉಳಿದದ್ದೇ ಪುಣ್ಯ.

"ಇನ್ನೊಮ್ಮಿ ಆ ವಿಷ ಅವನ ಬೆನ್ನಿಗೆ ಏರಾಕ ನಾ ಬಿಡಂಗಿಲ್ಲ," ಎನ್ನುತ್ತಾರೆ ಮರೆವ್ವ.

ಹಟ ಹುಟ್ಟಿದ್ದು ತಮ್ಮ ಬಿದ್ದ ಆ ದಿನವೇ. ರೈತರ ತರಬೇತಿಯೊಂದರಲ್ಲಿ ಅವರು ಕಲಿತ ಸಂಗತಿ ಸರಳ. ಮಣ್ಣಿನಲ್ಲಿ ತಾನಾಗಿಯೇ ಇರುವ ಒಂದು ಬ್ಯಾಕ್ಟೀರಿಯಾ ಎಲೆಯೊಡನೆ ಹುಳುವಿನ ಹೊಟ್ಟೆ ಸೇರಿದರೆ ಕರುಳು ಕೆಡುತ್ತದೆ. ಹುಳು ತಿನ್ನುವುದನ್ನು ಬಿಟ್ಟು ಎರಡು ಮೂರು ದಿನದಲ್ಲಿ ಸಾಯುತ್ತದೆ. ಅಲ್ಲಿ ಕೊಟ್ಟ ಆ ಬ್ಯಾಕ್ಟೀರಿಯಾದ ಮೂಲ ಹೆಪ್ಪನ್ನು ಮರೆವ್ವ ಬೆಲ್ಲ, ಕಡಲೆಹಿಟ್ಟಿನ ನೀರಿನಲ್ಲಿ ಬೆಳೆಸುತ್ತಾರೆ. 'ಮಣ್ಣಿನ ಹೆಪ್ಪು' ಎಂಬ ಹೆಸರು ಅವರೇ ಇಟ್ಟದ್ದು. ಬಿಸಿಲು ಇದಕ್ಕೆ ಆಗದು, ಹಾಗಾಗಿ ಹೊತ್ತು ಇಳಿದ ಮೇಲೆಯೇ ಹೊಡೆಯಬೇಕು.

ಮೊದಲ ಸಲ ಎಡವಿದ್ದೂ ಉಂಟು. ಮಡಿಯಾಗಿರಲೆಂದು ತವರಿನ ತಾಮ್ರದ ಹಂಡೆಯಲ್ಲಿ ಹೆಪ್ಪು ಹಾಕಿದರು. ತಾಮ್ರ ಆ ಜೀವವನ್ನೇ ಕೊಂದಿತು. ಹೊಲಕ್ಕೆ ಬಿದ್ದದ್ದು ಬರೀ ಬೆಲ್ಲದ ನೀರು. "ಮರೆವ್ವ ಹುಳಕ್ಕ ಪಾನಕ ಕುಡಸ್ಯಾಳ" ಎಂದು ಊರೆಲ್ಲ ನಕ್ಕಿತು. ನಗುವವರ ಬಾಯಿಗೆ ಬೀಗ ಹಾಕಲಾದೀತೇ? ಅವರು ಪ್ಲಾಸ್ಟಿಕ್ ಡ್ರಮ್ ತಂದರು.

ಪರಸಪ್ಪ ಬರುತ್ತಾರೆ. ಹುಳು ಕಂಡದ್ದೇ ತಡ, ಸಿಟ್ಟು ನೆತ್ತಿಗೇರುತ್ತದೆ. "ಏ ಯಮನಪ್ಪಾ, ಪಂಪ್ ಏರಸು!"

ಯಮನಪ್ಪ ಎದ್ದೇಳುವಷ್ಟರಲ್ಲಿ ಮರೆವ್ವ ಓಡಿಬಂದು ಪಂಪಿನ ಪಟ್ಟಿ ಹಿಡಿದು ನಿಲ್ಲುತ್ತಾರೆ. "ನಿಂದರ್ರಿ ಸಾವ್ಕಾರ. ಹುಳಾ ಐತಿ, ಖರೆ. ತಿನ್ನಾಕ ಹತ್ತೈತೇನು? ಕೈಲೆ ಮುಟ್ಟಿ ನೋಡ್ರಿ."

ಪರಸಪ್ಪ ಬಾಗಿ ಮುಟ್ಟುತ್ತಾರೆ. ಹುಳು ಅಲುಗುವುದಿಲ್ಲ, ಮೈ ಕಪ್ಪಿಟ್ಟು ಮೆತ್ತಗಾಗಿದೆ. ಪಕ್ಕದ ಗಿಡದಲ್ಲೂ ಅದೇ ಕಥೆ. ಒಂದಿಡೀ ಸಾಲು ನಡೆದು ನೋಡಿ ಮರಳುವಾಗ ಅವರ ದನಿ ಇಳಿದಿದೆ. "ಇರ್ಲಿ. ಸಂಜೀಕ ಆ ಕಡೀ ಹೊಲದ ಪಟ್ಟಿಗೂ ನಿನ್ನ ಹೆಪ್ಪ ಹೊಡಿ."

"ಹೊಡಿತೇನ್ರಿ," ಎಂದ ಮರೆವ್ವ ವಿಷದ ಡಬ್ಬಿ ಎತ್ತಿ ಅವರ ಕೈಗೇ ಕೊಡುತ್ತಾರೆ. "ಇದನ್ನ ಅಂಗಡಿಗೆ ವಾಪಸ್ ಒಯ್ಯಿರಿ. ಈ ವಿಷಾ ಬೆನ್ನಮ್ಯಾಲೆ ಹೊರಾಕ ನಮ್ಮ ಮನ್ಯಾಗ ಯಾರೂ ಇಲ್ಲ."