ಸೀಮೆಸುಣ್ಣ ಬೀಳದ ಬೆನ್ನು

ಗೊಬ್ನೆಟ್ ಕಣ್ಣು ಮುಚ್ಚಿಕೊಂಡೇ ಹೊಲಿದಾಳು ಎನ್ನುತ್ತಿದ್ದರು ಕೆರ್ರಿ ಸೀಮೆಯ ಆ ಊರಿನವರು. ಸುತ್ತಲಿನ ಮದುವೆ ಕೋಟುಗಳೆಲ್ಲ ಅವಳ ಕೈಯವೇ. ಅವಳದೇ ಮದುವೆ ಮಾತ್ರ ಇವತ್ತು ನಾಳೆ ಎಂದು ಮುಂದಕ್ಕೆ ಹೋಗುತ್ತಿತ್ತು.

ಆ ಚಳಿಗಾಲ, ಅವಳಿಗೆ ಮಾತು ಕೊಟ್ಟಿದ್ದ ಗಂಡು ಫಿನೀನ್ ಆಣೆಯಿಟ್ಟು ಹೇಳಿದ್ದ, ಬೂದಿ ಬುಧವಾರಕ್ಕೆ ಮುಂಚೆ ಮದುವೆ ಆಗಿಯೇ ತೀರುತ್ತದೆ ಎಂದು. ಬುಧವಾರ ಉಪವಾಸ ಹಿಡಿದರೆ ಈಸ್ಟರ್‌ವರೆಗೆ ಪಾದ್ರಿಗಳು ಮದುವೆ ಮಾಡಿಸುವುದಿಲ್ಲವಲ್ಲ. ಗೊಬ್ನೆಟ್ ಅವನಿಗೆ ರೇಷ್ಮೆ ಒಳಪದರದ ಕರಿ ಕೋಟು ಹೊಲಿದು ಕೊಟ್ಟಳು. ಕೋಟು ಒಯ್ದ ಆಸಾಮಿ ಮತ್ತೆ ಪತ್ತೆಯಿಲ್ಲ. ಮಂಗಳವಾರ ರಾತ್ರಿ ಅವಳು ಮೊಟ್ಟೆ ಬೆಣ್ಣೆ ಹಾಕಿ ಹಬ್ಬದ ದೋಸೆ ಹುಯ್ದು ಕಾದಳು. ಬಂದವನು ಅಣ್ಣ ತೈಗ್. ಫಿನೀನ್‌ನ ತಾಯಿ ಹಾಸಿಗೆ ಹಿಡಿದಿದ್ದಾಳೆ, ಇನ್ನು ಈಸ್ಟರ್ ಆದ ಮೇಲೇ ಎಂದು ಹೇಳಿ, ದೋಸೆ ತಿಂದು ಮಲಗಿದ. ಒಡಹುಟ್ಟಿದವನು ಹೇಳಿದ್ದನ್ನು ನಂಬದೆ ಇನ್ನೇನು ಮಾಡಿಯಾಳು?

ಉಪವಾಸದ ಮೊದಲ ಭಾನುವಾರ, ಮದುವೆಯಾಗದೆ ಉಳಿದವರ ಬೆನ್ನಿಗೆ ಚರ್ಚಿನ ಅಂಗಳದಲ್ಲಿ ಸೀಮೆಸುಣ್ಣದ ಗೀಟು ಬೀಳುತ್ತದೆ. ಮೋಚಿಯ ಹೆಂಡತಿ ಗೊಬ್ನೆಟ್‌ಗೂ ಎಳೆದಳು. ಮುಂದಿನ ವರ್ಷ ಈ ಬೆನ್ನು ನಿನಗೆ ಸಿಕ್ಕೋದಿಲ್ಲ ಬಿಡು ಎಂದು ಇವಳೂ ನಕ್ಕಳು.

ಅಷ್ಟರಲ್ಲಿ ಫಿನೀನ್ ಬಂದ, ಅದೇ ಕರಿ ಕೋಟು ತೊಟ್ಟು. ಸುಣ್ಣ ಹಿಡಿದವರೆಲ್ಲ ಅವನನ್ನು ಬಿಟ್ಟು ಮುಂದೆ ಹೋದರು. ಹೆದರುಪುಕ್ಕರು ಎಂದುಕೊಂಡ ಗೊಬ್ನೆಟ್, ಬಟ್ಟೆಗೆ ಗುರುತು ಹಾಕುವ ತನ್ನದೇ ಸುಣ್ಣವನ್ನು ಜೇಬಿನಿಂದ ತೆಗೆದು, ಹಿಂದಿನಿಂದ ಹೋಗಿ ಅವನ ಬೆನ್ನ ತುಂಬ ಉದ್ದಕ್ಕೆ ಎಳೆದಳು.

ಯಾರೂ ನಗಲಿಲ್ಲ. ಮೋಚಿಯ ಹೆಂಡತಿ ನೆಲ ನೋಡಿದಳು. ತೈಗ್ ಬಂದು ತಂಗಿಯ ತೋಳು ಹಿಡಿದು ಜಗ್ಗಿದ.

"ಯಾಕಣ್ಣಾ, ಇವನೇನು ಮದುವೆ ಆದೋನಾ?" ಎಂದಳು, ಇನ್ನೂ ನಗುತ್ತಲೇ.

ಫಿನೀನ್ ತಿರುಗಿ ಮೆಲ್ಲಗೆ ಹೇಳಿದ:

"ಅದನ್ನ ಒರೆಸಿಬಿಡು ಗೊಬ್ನೆಟ್. ಒಳಗೆ ನನ್ನ ಹೆಂಡ್ತಿ ಕೂತಿದಾಳೆ."

ಮಂಗಳವಾರವೇ ಪಕ್ಕದ ಊರಿನ ಚರ್ಚಿನಲ್ಲಿ ಮದುವೆ ಮುಗಿದಿತ್ತು. ಸಾಕ್ಷಿಗೆ ನಿಂತವನು ತೈಗ್. ಅಲ್ಲಿ ಮದುವೆ ಊಟ ಹೊಡೆದು ಬಂದೇ ಇಲ್ಲಿ ತಂಗಿಯ ದೋಸೆ ತಿಂದಿದ್ದ, ಮಹಾಶಯ! ಊರಿಗೆಲ್ಲ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು.

ಗೊಬ್ನೆಟ್ ತನ್ನ ತೋಳಿನಿಂದಲೇ ಆ ಕೋಟನ್ನು ಒರೆಸಿದಳು, ಒಂದು ಗೀಟೂ ಉಳಿಯದ ಹಾಗೆ. ಅವಳ ಬೆನ್ನಿನದನ್ನು ಒರೆಸಲು ಯಾರೂ ಬರಲಿಲ್ಲ.

ಆಮೇಲೂ ಅಣ್ಣ ತಂಗಿ ಸಾಯುವವರೆಗೆ ಒಂದೇ ಮನೆಯಲ್ಲಿದ್ದರು. ಊರಿಗೆಲ್ಲ ಹೊಲಿದ ಆ ಕೈ ತೈಗ್‌ನ ಅಂಗಿಗೆ ಒಂದು ಗುಂಡಿಯನ್ನೂ ಹಾಕಿಕೊಡಲಿಲ್ಲ.