ಮನೆ ಹಿಂದಿನ ಬೆಟ್ಟದಲ್ಲಿ ಲೇಹದ ತಲೆಸುತ್ತು

ಮೊಮ್ಮಗಳು ಲಡಾಖಿನ ಲೇಹದಿಂದ ಬಂದಿಳಿದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಅವಳನ್ನು ಹಾಸಿಗೆಗೆ ಹಾಕಿ ಕಂಬಳಿ ಹೊದೆಸಿದ್ದು. ಸಿದ್ದಾಪುರದ ಏಪ್ರಿಲ್ ಸೆಕೆ, ಐದು ವರ್ಷದ ಹುಡುಗಿ, ಬಸ್ಸಿನಲ್ಲಿ ಕೂತೂ ಕೂತೂ ಓಡಲು ಕಾಯುತ್ತಿದ್ದವಳು! ನೆನೆದರೆ ಈಗಲೂ ನಗು ತಡೆಯುವುದಿಲ್ಲ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಅಳಿಯ ಸೈನ್ಯದವನು. ಲೇಹಕ್ಕೆ ಹೋದ ಹೊಸತರಲ್ಲಿ ಮಗಳು ಫೋನಿನಲ್ಲಿ ಹೇಳಿದ್ದಳು: ಅಲ್ಲಿ ಗಾಳಿ ತೆಳುವಂತೆ, ವಿಮಾನ ಇಳಿದವರು ಎರಡು ದಿನ ಮಲಗಿಯೇ ಇರಬೇಕಂತೆ, ಇಲ್ಲದಿದ್ದರೆ ತಲೆನೋವು, ವಾಂತಿ, ಏದುಸಿರು. ಮೈ ಹೊಂದಿಕೊಂಡ ಮೇಲೇ ಓಡಾಟವಂತೆ. ಹತ್ತಿದವರಿಗೇ ಇಷ್ಟಾದರೆ ಅಷ್ಟೆತ್ತರದಿಂದ ಇಳಿದವರ ಗತಿಯೇನು ಎಂಬುದು ನನ್ನ ಲೆಕ್ಕ.

ನಾನು ಶುಂಠಿ ಕಷಾಯ ಹಿಡಿದು ನಿಂತಿದ್ದನ್ನು ನೋಡಿ ನಮ್ಮನೆಯವರು, “ಎಂತದೇ ಇದು? ಕೂಸೆಂತಾ ಗುಡ್ಡದಿಂದ ಉರುಳ್ಕಂಡು ಬೈಂದನೇ?” ಎಂದರು.

ಮಗಳು ಸ್ನಾನ ಮುಗಿಸಿ ಬಂದವಳು ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡಳು. “ಆಯಿ, ಹತ್ತಿದವ್ಕೆ ಅಷ್ಟೇ ಹಂಗಾಗ್ತು. ಇಳ್ದವ್ಕೆ ಎಂತೂ ಆಗ್ತಿಲ್ಲೆ!”

ಅಷ್ಟು ಹೊತ್ತಿಗೆ ಕೆಲಸ ಕೆಟ್ಟಿತ್ತು, ಕಂಬಳಿ ಕಷಾಯಕ್ಕೆ ಹೆದರಿದ ಹುಡುಗಿ ನನ್ನನ್ನು ಕಂಡರೆ ದೂರ. ಮೊಮ್ಮಗಳು ಅಜ್ಜನ ಹೆಗಲೇರಿದಳು, ದನದ ಕೊಟ್ಟಿಗೆಗೆ ಹೋದಳು, ಪಕ್ಕದ ಮನೆಯವರ ತೊಡೆಯ ಮೇಲೂ ಕೂತಳು. ನಾನು ಕೈ ಚಾಚಿದರೆ ಮಾತ್ರ ಕಂಬದ ಹಿಂದೆ ಮಾಯ. ಕೈಗೂಸಾಗಿದ್ದಾಗ ನಾನು ನೋಡಿದ್ದವಳು, ರಜೆ ಮುಗಿದರೆ ಮತ್ತೆ ಯಾವಾಗಲೋ. ಒಂದೇ ಒಂದು ಸಲ ಹತ್ತಿರ ಬಂದು ಕೂತರೆ ಸಾಕೆಂದು ನಾನು ಚಕ್ಕುಲಿ, ಅಪ್ಪೆಮಿಡಿ, ಹಲಸಿನ ಹಪ್ಪಳ ಎಲ್ಲ ಹಿಡಿದು ಸುತ್ತಿದೆ. ಹಪ್ಪಳ ಕಸಿದುಕೊಂಡು ಓಡುತ್ತಿದ್ದಳು!

ಒಂದು ಬೆಳಿಗ್ಗೆ ಕವಳಿ ಹಣ್ಣಿನ ಆಸೆಗೆ ಮನೆ ಹಿಂದಿನ ಸೊಪ್ಪಿನ ಬೆಟ್ಟಕ್ಕೆ ಓಡಿದಳು. ಬೆಟ್ಟವೆಂದರೆ ಏನು, ನಾವು ಕೊಟ್ಟಿಗೆಗೆ ಸೊಪ್ಪು ತರುವ ಏರು. ಇದೇ ಸಮಯವೆಂದು ನಾನೂ ಬುಟ್ಟಿ ಹಿಡಿದು ಬೆನ್ನು ಹತ್ತಿದೆ. ಅವಳೋ ಆಡಿನ ಮರಿ. ತೆಳು ಗಾಳಿಯಲ್ಲಿ ಬೆಳೆದ ಮಗುವಿಗೆ ನಮ್ಮ ಗಾಳಿ ತುಪ್ಪದ ಹಾಗೆ ಸಿಕ್ಕಿತ್ತೋ ಏನೋ! ಅರ್ಧ ಏರುವಷ್ಟರಲ್ಲಿ ನನ್ನ ಉಸಿರು ಮೇಲಕ್ಕೊಂದು ಕೆಳಕ್ಕೊಂದು. ತಲೆ ತಿರುಗಿ ಮತ್ತಿಮರದ ಬುಡದಲ್ಲಿ ಕೂತುಬಿಟ್ಟೆ.

ಅವಳು ಇಳಿದು ಬಂದು ನನ್ನ ಮುಖವನ್ನೇ ನೋಡಿದಳು.

“ಅಮ್ಮಮ್ಮಾ, ತಲೆ ನೋಯ್ತಾ? ವಾಂತಿ ಬತ್ತಾ?”

“ಸುತ್ತು ಬತ್ತು, ಕೂಸೇ.”

“ಮಲ್ಗು. ಮಾತಾಡಡ. ನೀ ಕೆಳಗಿನವ್ಳು, ಹೊಸಾತಾಗಿ ಮೇಲೆ ಬಂದ್ಯಲಾ, ಅದ್ಕೇ ಹಂಗಾಜು!”

ಲೇಹದ ಮನೆಗೆ ಬಂದ ನೆಂಟರಿಗೆಲ್ಲ ಅವಳಪ್ಪ ಹೇಳುವುದು ಇದನ್ನೇ ಅಂತೆ. ನನ್ನನ್ನು ತರಗೆಲೆಯ ಮೇಲೆ ಮಲಗಿಸಿ ಕೆಳಗೆ ಕೂಗಿದಳು: “ಅಜ್ಜಾ! ನೀರು ತಗಂಡು ಬಾ! ಓಡಡ, ನಿಧಾನ ಹತ್ತು!”

ನಮ್ಮನೆಯವರು ತಂಬಿಗೆ ಹಿಡಿದು ಬಂದು ಸೊಂಟಕ್ಕೆ ಕೈಯಿಟ್ಟರು. “ಏಳೇ ಮಾರಾಯ್ತಿ. ನಮ್ಮನೆ ಮಾಡಿನ ಹಂಚೂ ಇಲ್ಲಿಂದ ಕಾಣ್ತು!”

“ಅಜ್ಜಾ, ಏಳ್ಸಡ!” ಮೊಮ್ಮಗಳು ಗದರಿಸಿದಳು. ನನ್ನ ತಲೆಯನ್ನೆತ್ತಿ ತನ್ನ ಪುಟ್ಟ ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ನೀರು ಕುಡಿಸಿದಳು. ಅರ್ಧ ನನ್ನ ಕುತ್ತಿಗೆಗೆ ಹೋಯಿತು. ಹಣೆಯ ಮೇಲೆ ಕೈಯಿಟ್ಟಳು. ಕವಳಿ ಹಣ್ಣಿನ ಅಂಟು ಕೈ. ಅಯ್ಯೋ ದೇವರೇ, ಆ ಕೈ!

ಉಸಿರು ಯಾವಾಗಲೋ ಸರಿಯಾಗಿತ್ತು.

“ಈಗ ಹೆಂಗಿದ್ದು, ಅಮ್ಮಮ್ಮಾ?”

“ಇನ್ನೂ ಚೂರು ತಿರುಗ್ತಾ ಇದ್ದು, ಕೂಸೇ,” ಎಂದೆ. ಸುಳ್ಳೇನೂ ಅಲ್ಲ, ಮರ, ಆಕಾಶ, ನಮ್ಮನೆಯವರು ಎಲ್ಲ ತಿರುಗುತ್ತಲೇ ಇದ್ದರು.