ಬಾಯ್ಲರಿನ ಸದ್ದಿಗೆ ಕಾರಣ

ಆ ಚಳಿಗಾಲದಲ್ಲಿ ಪುರಂದರನ ಮನೆಯ ಬಾಯ್ಲರ್ ಜಗಳಕ್ಕೆ ನಿಂತಂತೆ ಸದ್ದು ಮಾಡತೊಡಗಿತು. ಬೆಳಗ್ಗೆ ಮನೆ ಬೆಚ್ಚಗಿಡುವ ಹೀಟಿಂಗ್ ಶುರುವಾದರೆ ಸಾಕು, ಅಡಿಗೆಮನೆಯ ಗೋಡೆಗೆ ತಗುಲಿಸಿದ್ದ ಬಿಳಿ ಪೆಟ್ಟಿಗೆಯೊಳಗೆ ಮೊದಲು ಸುಂಯ್ ಎನ್ನುವುದು, ಆಮೇಲೆ ಗುಡುಗುಡು, ಕೊನೆಗೆ ಯಾರೋ ಒಳಗೆ ಕೂತು ಕಲ್ಲು ಕುಟ್ಟಿದಂತೆ ಧಡ್ ಧಡ್. ಲಂಡನ್ನಿನ ವಿಮಾನ ನಿಲ್ದಾಣದ ಪಕ್ಕದ ಹೌನ್ಸ್ಲೋದ ಜನ ವಿಮಾನದ ಅಬ್ಬರಕ್ಕೆ ತಲೆಯೆತ್ತಿಯೂ ನೋಡುವವರಲ್ಲ. ಅಂಥವರೂ ಈ ಸದ್ದಿಗೆ ಪಕ್ಕದ ಮನೆಯಿಂದ ಗೋಡೆ ತಟ್ಟಿದರು.

ಪುರಂದರ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಕುಂದಾಪುರದ ಕಡೆಯವನು. ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆದು, ಲಂಡನ್ನಿನ ಹೋಟೆಲಿನಲ್ಲಿ ದೋಸೆ ಹುಯ್ದು, ಆಮೇಲೆ ಪಾರ್ಕ್ ರಾಯಲ್‌ನ ಚಪಾತಿ ಫ್ಯಾಕ್ಟರಿಯಲ್ಲಿ ದುಡಿದು, ಎರಡು ಸಾವಿರದ ಇಸವಿ ಕಳೆದ ಮೇಲೆ ನಿವೃತ್ತನಾಗಿದ್ದ. ತಪ್ಪು ಯಾವತ್ತೂ ಬೇರೆಯವರದು ಎನ್ನುವುದು ಅವನ ಸಿದ್ಧಾಂತ. ಬಾಯ್ಲರ್ ವಿಷಯಕ್ಕೂ ಮೊದಲು ಅದನ್ನು ತಯಾರಿಸಿದವರನ್ನು ಬೈದ, ಆಮೇಲೆ ಕೂರಿಸಿದವನನ್ನು, ಆಮೇಲೆ ಲಂಡನ್ನಿನ ನೀರನ್ನು. ನೀರನ್ನು ಬೈದದ್ದರಲ್ಲಿ ಮಾತ್ರ ಸ್ವಲ್ಪ ನ್ಯಾಯವಿತ್ತು. ಅದು ಕಾದಲ್ಲೆಲ್ಲ ಸುಣ್ಣ ಬಿಡುತ್ತದೆ, ಅಲ್ಲಿನ ಕೆಟಲಿನ ತಳ ನೋಡಿದವರಿಗೆ ಹೇಳಬೇಕಾಗಿಲ್ಲ.

ಒಬ್ಬ ರಿಪೇರಿಯವನು ಬಂದ. ಪೈಪುಗಳನ್ನೆಲ್ಲ ತೊಳೆದು, ಒಳಗೆ ಕಟ್ಟಿದ್ದ ಸುಣ್ಣ ಕರಗಿಸಿ, ಇನ್ನು ಚಿಂತೆಯಿಲ್ಲ ಎಂದು ಹೋದ. ಕೆಲವು ತಿಂಗಳು ಬಾಯ್ಲರ್ ಬಾಯಿ ಬಿಡಲಿಲ್ಲ. ಮುಂದಿನ ಚಳಿಗಾಲಕ್ಕೆ ಮತ್ತೆ ಅದೇ ರಾಗ.

ಆಗ ಕ್ರೋಯ್ಡನ್‌ನಲ್ಲಿದ್ದ ಮಗಳು ಪ್ರೇಕ್ಷಾ, ತನಗೆ ಗೊತ್ತಿದ್ದ ಲಕ್ಷ್ಮೀಶ ಎಂಬ ಮೈಸೂರಿನ ಗ್ಯಾಸ್ ಕೆಲಸದವನನ್ನು ಕಳಿಸುತ್ತೇನೆಂದಳು. ಪುರಂದರನಿಗೆ ಅದು ಹಿಡಿಸಲಿಲ್ಲ. ಕನ್ನಡದವನು ಮನೆಯೊಳಗೆ ಬಂದರೆ ಕನ್ನಡದ ಮಾತು ಕೇಳಿಸಿಕೊಳ್ಳುತ್ತಾನೆ; ಹೆಂಡತಿ ರಾಜೀವಿಯ ಮಾತು ಈಗೀಗ ಯಾರಿಗೂ ಕೇಳಿಸಬಾರದಾಗಿತ್ತು. ಅವಳು ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು. ದಿನಾ ಹತ್ತುವ ಬಸ್ಸು ಬಿಟ್ಟು ಬೇರೆ ಯಾವುದೋ ಹತ್ತಿ ಎಲ್ಲೋ ಇಳಿದು ನಿಂತಿರುತ್ತಿದ್ದಳು. ಅಮ್ಮನನ್ನು ಜಿಪಿಗೆ, ಅಂದರೆ ಬಡಾವಣೆಯ ಡಾಕ್ಟರಿಗೆ, ತೋರಿಸು ಎಂದು ಪ್ರೇಕ್ಷಾ ಇಂಗ್ಲಿಷಿನಲ್ಲಿ ಗೋಗರೆದರೆ, "ವಯಸ್ಸಾಯ್ತ್, ಅಷ್ಟೆ. ನಿಂಗೂ ಆತ್ತ್," ಎಂದು ಫೋನಿಡುತ್ತಿದ್ದ. ಜಿಪಿ ಒಂದು ಕಾಯಿಲೆಯ ಹೆಸರು ಹೇಳಿದರೆ, ಆಮೇಲೆ ಯಾರ್ಯಾರೋ ಮನೆಗೆ ಬಂದು ರಾಜೀವಿಯನ್ನು ಯಾವುದೋ ವೃದ್ಧರ ಹೋಮಿಗೆ ಒಯ್ದು ಬಿಡುತ್ತಾರೆ ಎಂಬ ಭಯ ಅವನಿಗೆ. ಹೊರಗೆ ಹುಲಿಯಂತಿದ್ದವನು ಒಳಗೊಳಗೇ ನಡುಗುತ್ತಿದ್ದ, ಪಾಪ.

ಲಕ್ಷ್ಮೀಶ ಬಂದಾಗ ರಾಜೀವಿ ಬಾಗಿಲಿಗೇ ಹೋಗಿ, "ಬನ್ನಿ, ಕೂಕಣಿ. ಕಾಪಿ ಮಾಡ್ತೆ," ಎಂದು ನಗುನಗುತ್ತಾ ಕರೆದಳು. ಇವತ್ತು ಅಡ್ಡಿಲ್ಲ ಎಂದು ಪುರಂದರನಿಗೆ ಧೈರ್ಯ ಬಂತು.

ಲಕ್ಷ್ಮೀಶ ಬಾಯ್ಲರಿನ ಮುಚ್ಚಳ ತೆಗೆಯುವ ಮೊದಲು ಕೆಳಗಿದ್ದ ಮುಳ್ಳು ನೋಡಿದ. ನೀರಿನ ಒತ್ತಡ ತೋರಿಸುವ ಆ ಮುಳ್ಳು ಕೆಂಪು ಗೆರೆ ದಾಟಿತ್ತು. ಹಿತ್ತಿಲಿಗೆ ಹೋಗಿ, ಗೋಡೆಯಿಂದ ಹೊರಬಂದಿದ್ದ ತಾಮ್ರದ ಪೈಪಿನ ಬಾಯಿಗೆ ಬೆರಳಿಟ್ಟ. ನೀರು ತೊಟ್ಟಿಕ್ಕುತ್ತಿತ್ತು, ಅದರ ಕೆಳಗೆ ಇಟ್ಟಿಗೆ ಪಾಚಿ ಹಿಡಿದು ಹಸಿರಾಗಿತ್ತು.

"ಸರ್, ಬಾಯ್ಲರ್ ಕೆಳಗಿರೋ ನಲ್ಲಿ ತಿರುಗಿಸಿ ದಿನಾ ನೀರು ತುಂಬಿಸ್ತಿರೋದು ಯಾರು?"

"ಯಾರೂ ಇಲ್ಲೆ."

"ತುಂಬಿಸ್ತಿದಾರೆ ಸರ್. ಒಂದ್ಸಲ ತುಂಬಿಸಿದ ನೀರೇ ವರ್ಷಗಟ್ಟಲೆ ಒಳಗೊಳಗೇ ಸುತ್ತಬೇಕು. ಇಲ್ಲಿ ದಿನಾ ಹೊಸ ನೀರು ಹೋಗ್ತಿದೆ, ಹೆಚ್ಚಾಗಿದ್ದು ಹಿಂದಿನ ಪೈಪಿಂದ ಬೀಳ್ತಿದೆ. ಹೊಸ ನೀರಿನ ಜೊತೆ ಹೊಸ ಸುಣ್ಣ. ಅದಕ್ಕೇ ಈ ಸದ್ದು."

"ನಾನೆಂತ ಸುಳ್ ಹೇಳುದಾ?" ಪುರಂದರನ ದನಿ ಏರಿತು.

ರಾಜೀವಿ ಕಾಫಿ ಲೋಟ ಹಿಡಿದು ಬಂದವಳು, ಒಳ್ಳೆಯ ಕೆಲಸ ಒಪ್ಪಿಸುವವಳ ಹಾಗೆ, "ನಾನೇ ತುಂಬ್ಸುದ್. ಹಂಡಿ ಖಾಲಿ ಇಪ್ಪುಕಾಗ, ಅಲ್ದಾ?" ಎಂದಳು.

ಪುರಂದರ ನಗಲು ನೋಡಿದ. "ತಮಾಷಿ ಮಾಡುದ್ ಅವ್ಳ್," ಎಂದ. ಲಕ್ಷ್ಮೀಶ ಲೋಟ ತೆಗೆದುಕೊಂಡು, "ನಮ್ಮಜ್ಜಿ ಮನೇಲೂ ಹಂಡೆ ಖಾಲಿ ಬಿಡ್ತಿರಲಿಲ್ಲಮ್ಮ," ಎಂದಷ್ಟೇ ಹೇಳಿ ತಲೆ ತಗ್ಗಿಸಿ ಕಾಫಿ ಕುಡಿದ.

ಪುರಂದರನ ಊರಿನ ಮನೆಯ ಬಚ್ಚಲಿನಲ್ಲೂ ತಾಮ್ರದ ಹಂಡೆಯಿತ್ತು. ಬೆಳಕು ಹರಿಯುವ ಮೊದಲೇ ಬಾವಿಯಿಂದ ನೀರು ಸೇದಿ ಅದನ್ನು ತುಂಬಿಸುವುದು ಹೊಸ ಸೊಸೆಯ ಪಾಲಿನ ಕೆಲಸ. ಹಾಗೆ ತುಂಬಿಸಿದವಳು ರಾಜೀವಿ. ಪುರಂದರ ರಜೆಯಲ್ಲಿ ಬಂದು ಮದುವೆಯಾಗಿ, ಅವಳನ್ನು ತನ್ನ ತಾಯಿಯ ಕೈಗೊಪ್ಪಿಸಿ ಲಂಡನ್ನಿಗೆ ವಾಪಸಾಗಿದ್ದ. ಬರುವ ವರ್ಷ ಕರೆಸಿಕೊಳ್ಳುತ್ತೇನೆ ಎಂದು ಬರೆಯುತ್ತಲೇ ವರ್ಷಗಳನ್ನು ದೂಡಿದ್ದ. ಅತ್ತೆಯ ಮನೆಯಲ್ಲಿ ಅವಳು ಹೇಗಿದ್ದಳೆಂದು ಅವನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಲಕ್ಷ್ಮೀಶ ಮತ್ತೆ ಸುಣ್ಣ ತೆಗೆದು, ಒತ್ತಡ ಇಳಿಸಿ, ತೊಟ್ಟಿಕ್ಕುತ್ತಿದ್ದ ವಾಲ್ವ್ ಬದಲಿಸಿದ. ಕೊನೆಗೆ ನೀರು ತುಂಬಿಸುವ ಗಿಡ್ಡ ಪೈಪನ್ನು ನಲ್ಲಿಯ ತಿರುಗಣೆಯ ಸಮೇತ ಬಿಚ್ಚಿ ಪುರಂದರನ ಕೈಗೆ ಕೊಟ್ಟು, "ಇದನ್ನ ಮೇಲೆಲ್ಲಾದ್ರೂ ಎತ್ತಿಡಿ ಸರ್," ಎಂದ.

ಬಾಯ್ಲರ್ ಹೊಸದರಂತೆ ಉರಿಯಿತು. ಪುರಂದರ ಸಂಜೆ ಮಗಳಿಗೆ ಫೋನು ಮಾಡಿ, "ಎಲ್ಲ ಸರಿ ಆಯ್ತ್. ಜಿಪಿಯೂ ಬೇಡ, ಗಿಪಿಯೂ ಬೇಡ," ಎಂದ. ಬಾಯ್ಲರಿಗೂ ಜಿಪಿಗೂ ಏನು ಸಂಬಂಧವೆಂದು ಪ್ರೇಕ್ಷಾಗೆ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಅವನು ಎದ್ದಾಗ ಮನೆ ಬೆಚ್ಚಗಿತ್ತು, ನಿಶ್ಶಬ್ದವಾಗಿತ್ತು. ಅಡಿಗೆಮನೆಯಿಂದ ಅಳುವ ದನಿ ಬರುತ್ತಿತ್ತು. ರಾಜೀವಿ ಬಾಯ್ಲರಿನ ಕೆಳಗೆ ನಿಂತು ಪೈಪುಗಳನ್ನು ಒಂದೊಂದಾಗಿ ತಡವುತ್ತಿದ್ದಳು. ಕಾದ ಪೈಪು ತಾಗಿ ಬೆರಳುಗಳು ಕೆಂಪಾಗಿದ್ದವು.

"ಎಂತ ಹುಡ್ಕುದ್ ರಾಜೀವಿ?"

ಅವಳು ಬೆಚ್ಚಿ ಹಿಂದೆ ಸರಿದು, ಹಿರಿಯರ ಎದುರು ನಿಲ್ಲುವಂತೆ ಗೋಡೆಗೊತ್ತಿ ನಿಂತಳು. "ನೀರ್ ಬಪ್ಪುದೇ ಇಲ್ಲೆ. ಅತ್ತೆ ಮೀವುಕೆ ಬತ್ರ್. ಹಂಡಿ ಖಾಲಿ ಕಂಡ್ರೆ ನನ್ನ ಕಳ್ಸುದಿಲ್ಲ ಅಂದಿರ್."

"ಎಲ್ಲಿಗ್ ಕಳ್ಸುದ್?"

"ಲಂಡನ್ನಿಗೆ. ಅವ್ರ ಹತ್ರ." ಸೆರಗಿನಿಂದ ಕಣ್ಣೊರೆಸಿಕೊಂಡು, ಕೈ ಮುಗಿದಳು. "ನೀವ್ ದೊಡ್ಡೋರ್. ಅತ್ತೆ ಹತ್ರ ಒಂದ್ ಮಾತ್ ಹೇಳಿ. ನಾನ್ ಒಂದ್ ದಿನವೂ ತಪ್ಸಲಿಲ್ಲ."

ಪುರಂದರ ಹೇಳ್ತೆ ಎಂದ. ಅವಳ ಕೈಯನ್ನು ತಣ್ಣೀರಿನಲ್ಲಿ ಹಿಡಿದು, ಕುರ್ಚಿಯಲ್ಲಿ ಕೂರಿಸಿ, ಫೋನಿನ ಹತ್ತಿರ ಹೋದ. ಪ್ರೇಕ್ಷಾ ಕೆಲಸಕ್ಕೆ ಹೊರಡುವ ಅವಸರದಲ್ಲಿದ್ದಳು. ಅಪ್ಪ ಅಳುವುದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

"ಜಿಪಿಗೆ ಫೋನ್ ಮಾಡ್ ಮಗಾ," ಎಂದ ಅವನು. "ನಿನ್ನಮ್ಮ ಇನ್ನೂ ಊರಲ್ಲೇ ಇದ್ಲ್. ನಾ ಕರ್ಸುದನ್ನ ಕಾಯ್ತಾ ಇದ್ಲ್."